ಕಡಲ್ಗಳ್ಳನ ಕತ್ತೆ ಎಷ್ಟು ಸಲ ಕೂತಿತು?

ಕಡಲ್ಗಳ್ಳರ ವಿಷಯದಲ್ಲಿ ನನ್ನ ತಮ್ಮನನ್ನು ಮೀರಿಸುವ ಪಂಡಿತ ಇಡೀ ಮಡಕಶಿರಾ ಸೀಮೆಯಲ್ಲೇ ಇಲ್ಲ. ಹಡಗಿನ ಯಾವ ಮೂಲೆಯಲ್ಲಿ ಮದ್ದಿನಪುಡಿ ಇಡುತ್ತಾರೆ, ಬಿರುಗಾಳಿ ಎದ್ದರೆ ಯಾವ ಹಾಯಿ ಮೊದಲು ಇಳಿಸಬೇಕು, ಒಕ್ಕಣ್ಣಿನ ನಾಯಕ ಕಣ್ಣಿಗೆ ಕಟ್ಟುವ ಪಟ್ಟಿಗೆ ಯಾವ ಬಟ್ಟೆಯಾದರೆ ಬೆವರು ಹೀರುತ್ತದೆ, ಏನು ಬೇಕಾದರೂ ಕೇಳಿ, ಥಟ್ಟನೆ ಹೇಳುತ್ತಾನೆ. ಒಂದನ್ನು ಮಾತ್ರ ಕೇಳಬೇಡಿ. ಸಮುದ್ರ ಹೇಗಿರುತ್ತದೆ ಎಂದು ಕೇಳಬೇಡಿ. ಪಾಪ, ಅವನು ಅದನ್ನು ನೋಡಿಲ್ಲ!

ಅವನು ಕಂಡ ಅತಿ ದೊಡ್ಡ ನೀರೆಂದರೆ ಬೊಮ್ಮನಹಾಳ್ ಕಡೆಯ ಕಾಲುವೆ. ಅಲ್ಲಿ ನೆಂಟರ ಮನೆಯ ಮದುವೆಗೆ ಹೋದಾಗ, ಹಡಗಿನವರು ಅಲೆಯ ಮೇಲೆ ಹೇಗೆ ನಿಲ್ಲುತ್ತಾರೆಂದು ನಮಗೆಲ್ಲ ತೋರಿಸಲು ಹೊರಟ. ಒಂದು ಹಲಗೆ ತೇಲಿಬಿಟ್ಟು ಅದರ ಮೇಲೆ ಕಾಲಿಟ್ಟ. ಮುಂದಿನ ಕ್ಷಣದಲ್ಲಿ ಹಲಗೆ ಒಂದು ಕಡೆ, ಇವನು ಒಂದು ಕಡೆ! "ಅಯ್ಯಯ್ಯೋ, ಮುಳುಗಿದೆ, ಯಾರಾದ್ರೂ ಬರ್ರೋ" ಎಂದು ಅರಚಿಕೊಂಡ. ಪಕ್ಕದ ಗದ್ದೆಯಲ್ಲಿ ನಾಟಿ ಹಾಕುತ್ತಿದ್ದ ಹೆಂಗಸು ಬಗ್ಗಿದ ಸೊಂಟ ಎತ್ತದೆಯೇ ಹೇಳಿದಳು: "ಎದ್ದು ನಿಂದರ್ರಿ ಯಣ್ಣಾ, ಮಣಕಾಲುದ್ದ ಐತಿ."

ಎದ್ದು ನಿಂತ. ಅವನ ನೌಕಾಯಾನ ಅಷ್ಟೇ.

ಮಕ್ಕಳೇ, ನೀವು ಚಿಕ್ಕಜ್ಜ ಎನ್ನುವುದು ಇವನನ್ನೇ. ಪ್ರತಿ ರಜೆಯಲ್ಲೂ ನೀವು ಕೇಳುತ್ತಿದ್ದಿರಿ, "ಅಜ್ಜಿ, ಚಿಕ್ಕಜ್ಜ ಸೋಮವಾರ ಸೋಮವಾರ ಬೆಟ್ಟ ಹತ್ತೋದು ಯಾಕೆ?" ಔಷಧಿ ಸೊಪ್ಪಿಗೆ ಎಂದು ಹೇಳಿ ತಪ್ಪಿಸಿಕೊಂಡಿದ್ದೇನೆ. ಅದು ಸುಳ್ಳು. ನಿಜವನ್ನು ನಿಮ್ಮ ಮುಖ ನೋಡಿಕೊಂಡು ಹೇಳಲು ನನಗೆ ಬಾಯಿ ಬರುವುದಿಲ್ಲ. ಶಾಲೆಯಲ್ಲಿ ಮೇಷ್ಟ್ರು ಹೆಸರು ಕೂಗಿದಾಗ ಓಗೊಡಲು ನಾಚಿಕೊಂಡು, ಎದುರಿಗೇ ಕೂತಿದ್ದರೂ ಗೈರುಹಾಜರಿ ಹಾಕಿಸಿಕೊಂಡವಳು ನಾನು! ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ತವರು ರತ್ನಗಿರಿ. ಬೆಟ್ಟ, ಅದರ ಮೇಲೆ ಹಳೆಯ ಕೋಟೆ, ಕೆಳಗೆ ನಮ್ಮ ಊರು. ತಮ್ಮ ನಾಲ್ಕನೆಯ ಕ್ಲಾಸಿನಲ್ಲಿದ್ದಾಗ ಮಂಡಕ್ಕಿ ಕಟ್ಟಿಕೊಟ್ಟ ಪೊಟ್ಟಣದ ಕಾಗದದಲ್ಲಿ ಒಂದು ಚಿತ್ರ ಸಿಕ್ಕಿತು. ಹಡಗು, ಒಕ್ಕಣ್ಣಿನ ಗಡ್ಡದವನು, ಕಾಲ ಬಳಿ ಪೆಟ್ಟಿಗೆ. ಮಂಡಕ್ಕಿ ನಾವೆಲ್ಲ ತಿಂದೆವು, ಕಾಗದ ಅವನನ್ನು ತಿಂದಿತು. ಆಮೇಲೆ ಕುರಿ ಕಾಯಲು ಕಳಿಸಿದರೆ ಕುರಿಗಳನ್ನು ಸಾಲಾಗಿ ನಿಲ್ಲಿಸಿ "ಹಾಯಿ ಎತ್ತಿ!" ಎಂದು ಹುಕುಂ ಕೊಡುವುದು. ಕುರಿಗಳು ಎತ್ತುತ್ತವೆಯೇ? ಅವು ಪಕ್ಕದವರ ಅವರೆ ಹೊಲಕ್ಕೆ ನುಗ್ಗಿದವು. ಮೀಸೆ ಚಿಗುರಿದ ಮೇಲೂ ಅದೇ ಆಟ. ಅಪ್ಪ ಬೇಸತ್ತು, "ಇವನನ್ನ ನೀನೇ ಇಕ್ಕೋ ತಾಯಿ" ಎಂದು ರಾಯದುರ್ಗದಲ್ಲಿದ್ದ ನನ್ನ ಗಂಡನ ಮನೆಗೆ ತಂದುಬಿಟ್ಟರು.

ಆಗ ರಾಯದುರ್ಗವೆಂದರೆ ಜೀನ್ಸ್ ಪ್ಯಾಂಟು. ಯಾವ ಓಣಿಗೆ ಹೋದರೂ ಹೊಲಿಗೆ ಮಷೀನಿನ ಸದ್ದು. ನಿಮ್ಮ ತಾತ ಇಸ್ತ್ರಿ ಘಟಕದಲ್ಲಿದ್ದರು, ನಾನು ಮನೆಯಲ್ಲೇ ಕೂತು ಪ್ಯಾಂಟಿನ ದಾರ ಕತ್ತರಿಸುತ್ತಿದ್ದೆ. ನೀಲಿ ಬಣ್ಣ ಕೈಗೆ ಹತ್ತಿ, ಕೈಯಿಂದ ಹಿಟ್ಟಿಗೆ ಹತ್ತಿ, ನಮ್ಮ ಮನೆಯ ರೊಟ್ಟಿಯೂ ಒಂದಿಷ್ಟು ನೀಲಿಯಾಗಿಯೇ ಇರುತ್ತಿತ್ತು. ತಮ್ಮನನ್ನು ಹತ್ತು ಮಷೀನಿನ ಒಂದು ಶೆಡ್ಡಿಗೆ ಸೇರಿಸಿದೆವು. ಅವನಿಗೆ ಬಲ ಜೇಬಿನ ಕೆಲಸ. ಪಕ್ಕದ ಮಷೀನಿನಲ್ಲಿ ಎಡ ಜೇಬು ಹೊಲಿಯುವವಳು ರಾಯದುರ್ಗದ್ದೇ ಒಬ್ಬ ಹುಡುಗಿ. ಚುರುಕು ಕಣ್ಣು, ಚುರುಕು ಬಾಯಿ, ಮೂಗಿನ ಮೇಲೆ ಯಾವಾಗಲೂ ಒಂದು ಎಳೆ ನೀಲಿ ದಾರ.

ಅವಳಿಗೆ ಇವನು ಕತೆ ಹೇಳಲು ಶುರು ಮಾಡಿದ. ಪಡುವಣ ಸಮುದ್ರದಲ್ಲಿ ಒಬ್ಬ ಕಡಲ್ಗಳ್ಳ. ಪೆಟ್ಟಿಗೆ ತುಂಬ ನಿಧಿ ದೋಚಿದ. ಆದರೆ ಬಚ್ಚಿಡುವುದು ಎಲ್ಲಿ? ಯಾವ ದ್ವೀಪದಲ್ಲಿ ಹೂತರೂ ಇನ್ನೊಬ್ಬ ಕಳ್ಳ ಹಡಗಿನಲ್ಲಿ ಬಂದು ಅಗೆಯುತ್ತಾನೆ. ಹಡಗೇ ಬರಲಾಗದ ಜಾಗ ಯಾವುದೆಂದು ಲೋಕವೆಲ್ಲ ವಿಚಾರಿಸಿದ. ಎಲ್ಲರೂ ಒಂದೇ ಬಾಯಲ್ಲಿ ಹೇಳಿದರಂತೆ, "ಮಡಕಶಿರಾ!" ಸರಿ, ಒಂದು ಕತ್ತೆಯ ಮೇಲೆ ಪೆಟ್ಟಿಗೆ ಹೇರಿಕೊಂಡು ಘಟ್ಟ ಹತ್ತಿ ಹೊರಟ.

ನಗಬೇಡಿ. ಆ ಹುಡುಗಿ ನಗಲಿಲ್ಲ. ಕತ್ತೆ ದಾರಿಯಲ್ಲಿ ಹಟ ಹಿಡಿದು ಕೂರುವುದು, ಅದನ್ನು ಎಬ್ಬಿಸಲು ಕಡಲ್ಗಳ್ಳ ಪಡುವ ಪಾಡು, ಇಷ್ಟೇ ಒಂದೊಂದು ಕಂತು. ಒಂದು ಸಲ ಕೂತರೆ ಏಳಲು ಹತ್ತು ಹನ್ನೆರಡು ದಿನ! ಹಾಗೆ ಏಳು ತಿಂಗಳು ನಡೆಯಿತು ಕತೆ. ದಾರ ತುಂಡಾದ ಗಳಿಗೆಯಲ್ಲೆಲ್ಲ ಅವಳು ಕೇಳುತ್ತಿದ್ದಳಂತೆ, "ಎದ್ದಿತೇನ್ರಿ ಕತ್ತಿ?"

ಒಂದು ದಿನ ಕತೆಯ ಭರದಲ್ಲಿ ಇಬ್ಬರೂ ಸೇರಿ ಒಂದು ಬಂಡಲ್ ಪ್ಯಾಂಟಿನ ಜೇಬುಗಳ ಬಾಯಿಯನ್ನೇ ಹೊಲಿದು ಮುಚ್ಚಿಬಿಟ್ಟರು. ಮೇಸ್ತ್ರಿ ಒಂದು ಪ್ಯಾಂಟು ಎತ್ತಿಕೊಂಡು ಕೈ ತೂರಿಸಲು ನೋಡಿದ, ಹೋಗಲಿಲ್ಲ. "ಏಮಪ್ಪಾ ಇದಿ? ಕೈ ಎಲ್ಲಿ ಇಡಬೇಕು ಇದರಾಗ?"

ತಮ್ಮ ಏನೂ ತೊದಲದೆ ಹೇಳಿದ, "ಇದು ನಿಧಿ ಇಕ್ಕೋ ಜೇಬು ಸಾರ್. ಕಳ್ಳರು ಕೈ ಹಾಕಕ್ಕಾಗಲ್ಲ."

"ಮಾಲೀಕನೂ ಹಾಕಾಕ ಆಗಂಗಿಲ್ಲಲ್ಲಲೇ!"

ಅವತ್ತು ಇಬ್ಬರೂ ಊಟ ಬಿಟ್ಟು ಹೊಲಿಗೆ ಬಿಚ್ಚಿದರು. ಬಿಚ್ಚುತ್ತ ಬಿಚ್ಚುತ್ತ ಕತ್ತೆ ಇನ್ನೊಂದು ಸಲ ಕೂತಿತಂತೆ.

ಇನ್ನು ನನ್ನ ಪಾಲಿಗೆ ಬರುತ್ತೇನೆ. ಇಲ್ಲಿಂದ ಮುಂದಿನದನ್ನು ನಾನು ಬಹಳ ವರ್ಷ ಯಾರಿಗೂ ಹೇಳಿರಲಿಲ್ಲ, ನಿಮ್ಮ ತಾತನಿಗೂ ಹೇಳಲಿಲ್ಲ.

ಒಂದು ಭಾನುವಾರ ತಮ್ಮ ಅಂಗಳದಲ್ಲಿ ಕೂತು, ನೆಲದ ಮೇಲೆ ಕಡ್ಡಿಯಲ್ಲಿ ಗೀಚುತ್ತ, "ಅಕ್ಕ, ಅವರ ಮನೆಗೆ ಹೋಗಿ ಕೇಳ್ತೀಯಾ?" ಎಂದ. ಏನು ಕೇಳುವುದೆಂದು ಇಬ್ಬರಿಗೂ ಗೊತ್ತಿತ್ತು. ಜಾತಿ ಒಂದೇ, ಅಡ್ಡಿ ಏನೂ ಇರಲಿಲ್ಲ. ತಲೆ ಬಾಚಿಕೊಂಡು ಹೊರಟೆ.

ನಿಮಗೆ ಇದು ತಿಳಿದಿರಲಿಕ್ಕಿಲ್ಲ. ಹೆಣ್ಣು ಕೇಳಲು ಹೋದವರು ಮಾತು ತೆಗೆಯುವ ತನಕ ಆ ಮನೆಯ ನೀರು, ಚಹಾ ಏನೂ ಮುಟ್ಟುವುದಿಲ್ಲ. ರಾಯದುರ್ಗದಲ್ಲೂ ಹಾಗೇ, ನಮ್ಮ ಕಡೆಯೂ ಹಾಗೇ. ಲೋಟ ಮುಂದಿಟ್ಟಾಗ ಸುಮ್ಮನೆ ಕೂತರೆ ಸಾಕು, ಮನೆಯವರಿಗೆ ಅರ್ಥವಾಗುತ್ತದೆ. "ಯಾಕ್ರಿ, ಚಾ ಆರತೈತಿ" ಎಂದು ಅವರೇ ದಾರಿ ಮಾಡಿಕೊಡುತ್ತಾರೆ. ಮಾತು ಬಾರದವರಿಗೆಂದೇ ಹಿರಿಯರು ಮಾಡಿಟ್ಟ ಅನುಕೂಲ ಅದು. ನಾನು ಮಾಡಬೇಕಾಗಿದ್ದದ್ದು ಒಂದೇ: ಕುಡಿಯದೆ ಕೂರುವುದು.

ಅವಳ ತಾಯಿ ಬಾಗಿಲಿಗೇ ಬಂದರು. "ಬರ್ರಿ ಬರ್ರಿ, ಕುಂದರ್ರಿ. ಏನ್ ಅಪರೂಪ ಈ ಕಡಿಗೆ?"

"ಹಿಂಗೇ," ಎಂದೆ.

ಚಹಾ ಬಂತು. ಲೋಟ ಮುಂದಿಟ್ಟು ಆಯಮ್ಮ ನನ್ನ ಮುಖವನ್ನೇ ನೋಡುತ್ತ ಕೂತರು. ಒಳಬಾಗಿಲ ಹಿಂದೆ ಬಳೆ ಸದ್ದಾಯಿತು. ಗೋಡೆಯ ಮೇಲಿದ್ದ ಹಲ್ಲಿಯೂ ನನ್ನನ್ನೇ ನೋಡುತ್ತಿದೆ ಅನಿಸಿತು! ಇಷ್ಟು ಜನ ಒಟ್ಟಿಗೆ ನೋಡಿದರೆ ನಾನು ಏನು ಮಾಡಲಿ? ಮುಖ ಮುಚ್ಚಿಕೊಳ್ಳಲು ಏನಾದರೂ ಬೇಕಾಗಿತ್ತು. ಲೋಟ ಎತ್ತಿದೆ. ಕುಡಿದೆ.

ಆಯಮ್ಮನ ಮುಖದಲ್ಲಿ ಏನೋ ಒಂದು ಸಣ್ಣಗೆ ಆರಿತು. ಆದರೂ ಮರ್ಯಾದಸ್ಥರು, "ಇನ್ನೊಂದೀಟು ಹಾಕಲ್ರಿ?" ಎಂದರು. ಬೇಡ ಎನ್ನಲೂ ಬಾಯಿ ಬರಬೇಕಲ್ಲ? ಎರಡನೆಯದನ್ನೂ ಕುಡಿದೆ. ಆಮೇಲೆ ಹುಣಸೆಹಣ್ಣು ಹುಳ ಬೀಳದಂತೆ ಹೇಗೆ ಇಡುವುದೆಂದು ಕೇಳಿಕೊಂಡು ಎದ್ದು ಬಂದೆ.

ಮನೆಯ ಹತ್ತಿರ ತಮ್ಮ ಸೈಕಲ್ಲಿಗೆ ಎಣ್ಣೆ ಬಿಡುತ್ತ ನಿಂತಿದ್ದ. ಸೈಕಲ್ಲು ಪಕ್ಕದ ಮನೆಯವರದು! "ಏನಂದ್ರಕ್ಕ?"

"ಯೋಚ್ನೆ ಮಾಡಿ ಹೇಳ್ತಾರಂತೆ," ಎಂದುಬಿಟ್ಟೆ.

ನನ್ನ ಜೀವಮಾನದಲ್ಲಿ ತಡವರಿಸದೆ ಆಡಿದ ಒಂದೇ ಮಾತು ಅದು. ನಾಳೆ ಹೋಗಿ ಸರಿಮಾಡುತ್ತೇನೆ, ನಾಡಿದ್ದು ಹೋಗುತ್ತೇನೆ ಎಂದುಕೊಂಡೆ. ಹೋಗಲಿಲ್ಲ. ಬೆಂಗಳೂರಿನ ದೊಡ್ಡ ಗಾರ್ಮೆಂಟ್ ಫ್ಯಾಕ್ಟರಿಗಳು ಹೆಣ್ಣುಮಕ್ಕಳನ್ನು ಕರೆಕರೆದು ಕೆಲಸ ಕೊಡುತ್ತಿದ್ದ ಕಾಲ. ಎರಡು ತಿಂಗಳಿಗೆ, ಯಾರೋ ನೆಂಟರ ಲಾರಿ ಹೊರಟಿತೆಂದು, ಅವರು ಇದ್ದಕ್ಕಿದ್ದಂತೆ ಮನೆ ಖಾಲಿ ಮಾಡಿಕೊಂಡು ಹೋದರು. ಹಿಂದಿನ ಸಂಜೆಯಷ್ಟೇ ಕತೆಯಲ್ಲಿ ಕತ್ತೆ ರತ್ನಗಿರಿ ಬೆಟ್ಟದ ಬುಡಕ್ಕೆ ಬಂದು ಮುಟ್ಟಿತ್ತು. ನಿಧಿ ಎಲ್ಲಿಟ್ಟ ಎಂದು ನಾಳೆ ಹೇಳುತ್ತೇನೆ ಎಂದಿದ್ದನಂತೆ. ಮರುದಿನ ಎಡ ಜೇಬಿಗೆ ಬೇರೆ ಯಾರೋ ಬಂದು ಕೂತಿದ್ದರು.

ಇವನೂ ಬೆಂಗಳೂರಿಗೆ ಹೋದ. ಒಂದರ ಮೇಲೊಂದು ಹನ್ನೊಂದು ಫ್ಯಾಕ್ಟರಿ ಬದಲಿಸಿದ! ಊರಿನ ಫೋನ್ ಅಂಗಡಿಗೆ ನನ್ನನ್ನು ಕರೆಸಿಕೊಂಡು ಒಂದೊಂದಕ್ಕೂ ಒಂದೊಂದು ಕಾರಣ ಹೇಳುತ್ತಿದ್ದ. ಒಂದು ಕಡೆ ಸಾಂಬಾರಿಗೆ ಬೆಲ್ಲ ಹಾಕುತ್ತಾರೆ. ಇನ್ನೊಂದು ಕಡೆ ಸೂಪರ್‌ವೈಸರು ಸೀನಿದರೆ ನಾಲ್ಕು ಸಲ ಸೀನುತ್ತಾನೆ, ಲೆಕ್ಕ ತಪ್ಪುತ್ತದೆ. ಮತ್ತೊಂದರ ಗೇಟು ಪೂರ್ವಕ್ಕಿದೆ. "ಗೇಟು ಪೂರ್ವಕ್ಕಿದ್ರೆ ನಿನಗೇನೋ?" ಎಂದರು ನಿಮ್ಮ ತಾತ. "ಎದುರಿಗೆ ನಿಂತ್ರೆ ಸಂಜೆ ಬಿಸಿಲು ಕಣ್ಣಿಗೆ ಹೊಡಿತದೆ ಭಾವ. ಆಚೆ ಬರೋರ ಮುಖ ಕಾಣಲ್ಲ."

ತಾತ ನಕ್ಕರು. ನನಗೆ ನಗು ಬರಲಿಲ್ಲ. ಸಂಜೆ ಗೇಟು ತೆರೆದಾಗ ಸಾವಿರ ಹೆಣ್ಣುಮಕ್ಕಳು ಹೊರಗೆ ಹರಿದು ಬರುವುದು, ಬೀಡಿ ಸೇದದವನು ಬೀಡಿ ಅಂಗಡಿಯ ಮುಂದೆ ನಿಂತು ಒಂದೊಂದೇ ಮುಖ ನೋಡುವುದು, ಎಲ್ಲ ನನ್ನ ಕಣ್ಣಿಗೆ ಕಟ್ಟುತ್ತಿತ್ತು. ಅವಳು ಸಿಗಲಿಲ್ಲ. ಮದುವೆಗೂ ಇವನು ಒಪ್ಪಲಿಲ್ಲ. ಬಂದ ಹೆಣ್ಣುಗಳಿಗೆಲ್ಲ ಒಂದೊಂದು ಕುಂದು ಹೇಳಿದ. ಒಬ್ಬಳ ಬಗ್ಗೆಯಂತೂ, "ಮಧ್ಯ ಮಾತಾಡಲ್ಲ ಕಣಕ್ಕ, ಬರೀ ಕೇಳಿಸ್ಕೊಂತಾಳೆ" ಎಂದ. ಗಂಡಸರು ಇದಕ್ಕಾಗಿ ಹರಕೆ ಹೊರುತ್ತಾರಲ್ಲವೇ!

ಹೀಗೇ ವರ್ಷಗಳು ಕಳೆದವು. ಹನ್ನೊಂದನೆಯ ಫ್ಯಾಕ್ಟರಿಯಲ್ಲಿ ಒಂದು ತಮಾಷೆ ನಡೆಯಿತು. ಬಟ್ಟೆ ಪರೀಕ್ಷೆ ಮಾಡಲು ಹೊರದೇಶದಿಂದ ಬಂದಿದ್ದ ಬಿಳಿ ತೊಗಲಿನವನೊಬ್ಬ ಊಟದ ಹೊತ್ತಿನಲ್ಲಿ ಕಾಂಪೌಂಡಿನ ಸಂದಿಯಲ್ಲಿ ಕೈ ತೂರಿಸಿ ಏನೋ ತಡಕಾಡುತ್ತಿದ್ದ. ಕಾವಲುಗಾರ ಕಳ್ಳನೆಂದು ಕೊರಳಪಟ್ಟಿ ಹಿಡಿದ. ಬಿಡಿಸಿದ್ದು ನನ್ನ ತಮ್ಮ. ಆಮೇಲೆ ಗೊತ್ತಾಯಿತು, ಅದು ಲೋಕದ ತುಂಬ ಜನ ಆಡುವ ಆಟ. ಯಾರೋ ಒಂದು ಸಣ್ಣ ಡಬ್ಬಿ ಬಚ್ಚಿಡುತ್ತಾರೆ, ಜಾಗದ ಅಂಕಿಗಳನ್ನು ಇಂಟರ್ನೆಟ್ಟಿನಲ್ಲಿ ಹಾಕುತ್ತಾರೆ, ಫೋನು ಹಿಡಿದು ಹುಡುಕಿಕೊಂಡು ಬಂದವರು ಡಬ್ಬಿಯೊಳಗಿನ ಪುಸ್ತಕದಲ್ಲಿ ಹೆಸರು ಬರೆದು ಮತ್ತೆ ಅಲ್ಲೇ ಇಡುತ್ತಾರೆ.

ನನಗೆ ವಿವರಿಸಿದಾಗ ಕೇಳಿದೆ, "ಉಡುಕಿದೋರಿಗೆ ಏನು ಸಿಗುತ್ತೋ?"

"ಸಿಕ್ತು ಅನ್ನೋದು ಸಿಗುತ್ತಕ್ಕ!"

"ಬಚ್ಚಿಟ್ಟೋರಿಗೆ?"

"ಯಾರೋ ಬಂದಿದ್ರು ಅನ್ನೋದು," ಎಂದ.

ಅದೇ ವರ್ಷ ಕೆಲಸ ಬಿಟ್ಟು ರತ್ನಗಿರಿಗೆ ಬಂದು ಸಣ್ಣ ಹೊಲಿಗೆ ಅಂಗಡಿ ಹಾಕಿದ. ನಿಮ್ಮ ತಾತ ತೀರಿಕೊಂಡ ಮೇಲೆ ನಾನೂ ತವರಿಗೆ ಬಂದೆ. ಬರುವ ಹೊತ್ತಿಗೆ ಬೆಟ್ಟದ ಮೇಲೆ, ಕೋಟೆಯ ಗೋಡೆ ಮುಟ್ಟದೆ, ದಾರಿ ಬದಿಯ ಒಂದು ಬಂಡೆಯ ಬುಡದಲ್ಲಿ ಸ್ಟೀಲ್ ಡಬ್ಬಿಯೊಂದು ಸೇರಿಕೊಂಡಿತ್ತು. ಒಳಗೆ ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ಲು. ಇಂಟರ್ನೆಟ್ಟಿನಲ್ಲಿ ಇವನು ಕನ್ನಡದಲ್ಲೇ ಬರೆದು ಹಾಕಿದ್ದ: ಕಡಲ್ಗಳ್ಳನ ಕಳೆದುಹೋದ ನಿಧಿ! ಅಲ್ಲಿ ತೋರಿಸುವ ಗುರುತು ಸುಳ್ಳು ಗುರುತು, ಅದು ನಮ್ಮೂರ ಬಸ್ ನಿಲ್ದಾಣದ್ದು. ನಿಜವಾದ ಜಾಗ ಬೇಕಾದರೆ ಮೂರು ಪ್ರಶ್ನೆಗಳಿಗೆ ಉತ್ತರ ಗೊತ್ತಿರಬೇಕು. ಉತ್ತರದ ಅಂಕಿಗಳನ್ನು ಆ ಗುರುತಿಗೆ ಸೇರಿಸಿದರೆ ಬಂಡೆ ಸಿಗುತ್ತದೆ. ಕಡಲ್ಗಳ್ಳನಿಗೆ ಹಲ್ಲು ಎಷ್ಟು? ಹರಿದ ಹಾಯಿಗೆ ಹಾಕಿದ ತೇಪೆ ಎಷ್ಟು? ಸಮುದ್ರದಿಂದ ರತ್ನಗಿರಿಗೆ ಬರುವಷ್ಟರಲ್ಲಿ ಕತ್ತೆ ಎಷ್ಟು ಸಲ ಕೂತಿತು?

ಓದಿದೊಡನೆ ನನಗೆ ಹೊಳೆಯಿತು. ಈ ಉತ್ತರಗಳು ಗೊತ್ತಿರುವುದು ಇಡೀ ಭೂಮಿಯ ಮೇಲೆ ಅವನನ್ನು ಬಿಟ್ಟರೆ ಇನ್ನೊಬ್ಬಳಿಗೆ. ಅವಳು ಎಲ್ಲಿದ್ದಾಳೋ, ಕೈಯಲ್ಲಿ ಫೋನಿದೆಯೋ, ಇಂಥ ಆಟವೊಂದಿದೆ ಎಂದಾದರೂ ಗೊತ್ತೋ! ಆದರೆ ಲೋಕಕ್ಕೆಲ್ಲ ಕಾಣುವ ಜಾಗದಲ್ಲಿ ಅವಳೊಬ್ಬಳಿಗೆ ಕಾಗದ ಬರೆದು ಅಂಟಿಸಿ ಕೂತಿದ್ದ ನನ್ನ ತಮ್ಮ. ಪ್ರತಿ ಸೋಮವಾರ ಬೆಟ್ಟ ಹತ್ತಿ ನೋಟ್‌ಬುಕ್ಕು ತೆರೆದು ನೋಡುವುದು, ಇಳಿದು ಬರುವುದು. ಇಳಿದಾಗ ನಾನು ಏನೂ ಕೇಳುತ್ತಿರಲಿಲ್ಲ. ಮುದ್ದೆ ಬಡಿಸುತ್ತಿದ್ದೆ.

ಬಂದವರೆಲ್ಲ ಬೇರೆಯವರೇ. ನಮ್ಮೂರಲ್ಲಿ ನಿಧಿ ಎಂಬ ಮಾತು ಬಾಯಿಂದ ಬಿದ್ದರೆ ಸಾಕಲ್ಲ? "ರತ್ನಗಿರಿಯಲ್ಲಿ ಒಬ್ಬ ನಿಧಿಯ ಜಾಗವನ್ನ ಫೋನಲ್ಲಿ ಹಾಕಿದಾನಂತೆ" ಎಂದು ಸುದ್ದಿ ಹಬ್ಬಿ ಐದು ಜನ ಜೀಪಿನಲ್ಲಿ ಬಂದರು. ಜೊತೆಗೆ ನಿಂಬೆಹಣ್ಣು, ಹಾರೆ, ಕೆಂಪು ಪಂಚೆಯ ಒಬ್ಬ ಮಂತ್ರವಾದಿ. ಹುಡುಕುವವರು ಬಂದರಲ್ಲ ಎಂದು ತಮ್ಮ ಹಿಗ್ಗಿ ಹೀರೇಕಾಯಿಯಾದ. ಚಾಪೆ ಹಾಸಿ ಕೂರಿಸಿದ. ಮಂತ್ರವಾದಿ ಕಣ್ಣು ಮುಚ್ಚಿ, "ಇಲ್ಲಿ ಏಳು ಹೆಡೆ ಸರ್ಪ ಕಾವಲಿದೆ" ಎಂದ.

"ಸರ್ಪ ಇಲ್ಲ ಸ್ವಾಮಿ, ಕತ್ತೆ," ಎಂದ ತಮ್ಮ. "ಎಷ್ಟು ಸಲ ಕೂತಿತು ಯೋಳಿ ನೋಡನ?"

ಮಂತ್ರವಾದಿ ಒಂದು ಕಣ್ಣು ತೆರೆದು ಇವನನ್ನು ನೋಡಿದ. ಇವನು ತನಗಿಂತ ದೊಡ್ಡ ಮಂತ್ರವಾದಿ ಇರಬೇಕೆಂದು ಹೆದರಿ ಕಾಲಿಗೆ ಬಿದ್ದು ಹೋದ!

ಜೀಪು ಹೋದ ಬೆನ್ನಿಗೆ ಪೊಲೀಸ್ ಹೆಡ್ಡು ಬಂದರು. "ಏನಯ್ಯಾ, ನಿಧಿ ಇಕ್ಕಿದೀಯಂತೆ?"

"ಹೌದು ಸಾರ್."

"ಯಾರದು?"

"ಕಡಲ್ಗಳ್ಳಂದು ಸಾರ್."

ಕಳ್ಳ ಎಂದ ಕೂಡಲೇ ಹೆಡ್ಡು ಪೆನ್ನು ತೆಗೆದರು. ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಒಂದು ಗಂಟೆ ವಿಚಾರಣೆ ನಡೆಯಿತು. ಇವನು ಒಂದೂ ಸುಳ್ಳಾಡದೆ ಕತೆಯಲ್ಲಿದ್ದದ್ದನ್ನೆಲ್ಲ ಹೇಳಿದ. ಕೊನೆಗೆ ಹೆಡ್ಡು ಓದಿದರು: "ಒಕ್ಕಣ್ಣು, ಹಲ್ಲು ಕಡಿಮೆ, ಜೊತೆಯಲ್ಲಿ ಕತ್ತೆ ಒಂದು. ತಲೆ ತಪ್ಪಿಸಿಕೊಂಡಿದ್ದಾನೆ." ಬೆಟ್ಟ ಹತ್ತಿಸಿ ಡಬ್ಬಿಯನ್ನೂ ತೋರಿಸಿದ ಮೇಲೆ ಪಾಪ ಅವರಿಗೇ ನಗು ಬಂತು. ಇವನು ಬಿಡಬೇಕಲ್ಲ! "ಕಂಡೋರು ಹೆಸರು ಬರೀಬೇಕು ಸಾರ್, ನಿಯಮ" ಎಂದು ಪೆನ್ಸಿಲ್ಲು ಕೈಗೆ ಕೊಟ್ಟ. ಅವರು ನೀಟಾಗಿ ರುಜು ಹಾಕಿದರು. ಹಾಗಾಗಿ ಲೋಕದ ಆ ದೊಡ್ಡ ಆಟದಲ್ಲಿ ನಮ್ಮ ಡಬ್ಬಿಯ ಮೊದಲ ಹೆಸರು ಪೊಲೀಸರದ್ದು.

ಚಳಿದೇಶದ ಯಾರೋ ಒಬ್ಬರು ಯಂತ್ರದಿಂದ ಅನುವಾದಿಸಿಕೊಂಡು ಓದಿ, ಕತ್ತೆ ಈಗ ಆರೋಗ್ಯವಾಗಿದೆಯೇ ಎಂದು ಕೇಳಿ ಬರೆದಿದ್ದರು. ಚೆನ್ನಾಗಿದೆ ಎಂದು ಉತ್ತರಿಸಿದ. ಬೆಂಗಳೂರಿನಿಂದ ಬೈಕಿನಲ್ಲಿ ಇಬ್ಬರು ಕಾಲೇಜು ಹುಡುಗಿಯರು ಬಂದು ಎರಡು ದಿನ ತಲೆ ಕೆಡಿಸಿಕೊಂಡರು. "ಅಂಕಲ್, ಹಲ್ಲು ಮೂವತ್ತೆರಡಾ?"

"ಕಡಲ್ಗಳ್ಳನಿಗೆ ಮೂವತ್ತೆರಡು ಹಲ್ಲಿರ್ತಾವೇನಮ್ಮ? ಅವನೇನು ಪೇಸ್ಟ್ ಮಾರ್ತಿದ್ನಾ?"

"ಒಂದು ಸುಳಿವು ಕೊಡಿ ಅಂಕಲ್!"

ಕೊಡಲಿಲ್ಲ. ಆ ಮಕ್ಕಳು ನಾನು ಬಡಿಸಿದ ಮುದ್ದೆ ಸಾರು ಉಂಡು ಸಪ್ಪೆ ಮುಖದಲ್ಲಿ ಹೋದರು. ನನಗೆ ತಡೆಯಲಾಗಲಿಲ್ಲ. "ಯೋಳಿದ್ರೆ ಏನಾಗ್ತಿತ್ತು ನಿಂಗೆ?"

"ಯೋಳಿದ್ರೆ ಯಾರು ಬೇಕಾದ್ರೂ ಬತ್ತಾರೆ."

"ಬರ್ಲಿ ಅಂತ ತಾನೇ ಇಕ್ಕಿರೋದು?"

ಅವನು ನನ್ನ ಕಡೆ ನೋಡದೆ ಸೂಜಿಗೆ ದಾರ ಪೋಣಿಸಿದ. ಮೂರು ಸಲ ತಪ್ಪಿತು. ನಾನು ಕಿತ್ತುಕೊಂಡು ಪೋಣಿಸಿ ಕೊಟ್ಟೆ. ಆ ಎರಡು ಲೋಟ ಚಹಾ ನನ್ನ ಗಂಟಲಿಂದ ಇನ್ನೂ ಇಳಿದಿರಲಿಲ್ಲ.

ಹೋದ ವರ್ಷ ಅವನ ಮಂಡಿ ಕೈಕೊಟ್ಟಿತು. ಮಷೀನು ತುಳಿದೂ ತುಳಿದೂ ಸವೆದಿದೆ, ಬೆಟ್ಟ ಹತ್ತಕೂಡದು ಎಂದರು ಡಾಕ್ಟರು. ಸೋಮವಾರ ಬಂತು. ಅಂಗಡಿಯ ಬಾಗಿಲಲ್ಲಿ ಕೂತು ಬೆಟ್ಟವನ್ನೇ ನೋಡುತ್ತಿದ್ದ. ನಾನು ಸೆರಗು ಸಿಕ್ಕಿಸಿಕೊಂಡೆ.

"ಎಲ್ಲಿಗಕ್ಕ?"

"ಸೊಪ್ಪಿಗೆ."

ಆಮೇಲೆ ಪ್ರತಿ ಸೋಮವಾರ ನಾನೇ ಹತ್ತಿದೆ. ಖಾಲಿ ಪುಟ ನೋಡಿ ಇಳಿದೆ. ಮಳೆಗಾಲ ಮುಗಿದು ಅವರೆ ಹೂಬಿಟ್ಟ ಒಂದು ಸೋಮವಾರ, ಬೆಳಗಿನ ಎಳೆಬಿಸಿಲಲ್ಲಿ, ಬಂಡೆಯ ಬುಡದ ಕಲ್ಲು ಸರಿಸಿದಾಗ ಡಬ್ಬಿ ನಾನಿಟ್ಟ ಹಾಗೆ ಇರಲಿಲ್ಲ. ತೆರೆದೆ. ಒಂದು ಪುಟ ತುಂಬ ಪೆನ್ಸಿಲ್ಲಿನ ದುಂಡು ಅಕ್ಷರ.

ನಿಂತುಕೊಂಡು ಓದಿದೆ, ಕೂತುಕೊಂಡು ಓದಿದೆ. ಇಳಿಯುವಾಗ ದಾರಿಯುದ್ದಕ್ಕೂ ಬಾಯಲ್ಲಿ ಮಾತು ಜೋಡಿಸಿದೆ. ಎಷ್ಟೋ ವರ್ಷದ ಹಿಂದೆ ಒಂದು ಮನೆಗೆ ಹೋಗುವಾಗಲೂ ಹೀಗೇ ಜೋಡಿಸಿದ್ದೆ. ಆದರೆ ಈ ಸಲ ಅಂಗಡಿಗೆ ಬಂದವಳು ನೀರೂ ಕುಡಿಯಲಿಲ್ಲ.

"ನಿಂಗೊಂದು ಯೋಳ್ಬೇಕು," ಎಂದೆ. "ಅವತ್ತು ನಾನು ಕೇಳ್ಲಿಲ್ಲ. ಅವರು ಯೋಚ್ನೆ ಮಾಡ್ತೀವಿ ಅನ್ಲಿಲ್ಲ. ನಾನು ಸುಮ್ನೆ ಚಾ ಕುಡ್ದು ಬಂದೆ."

ತಮ್ಮ ಕತ್ತರಿ ಕೆಳಗಿಟ್ಟ. "ಗೊತ್ತು ಕಣಕ್ಕ."

"ಗೊತ್ತಾ!"

"ಮಾರನೇ ದಿನವೇ ಅವಳು ಯೋಳಿದ್ಲು, ನಿಮ್ಮಕ್ಕ ಎರಡು ಲೋಟ ಕುಡುದ್ರಂತ್ರಿ ಅಂತ. ಯಾಕ ಬಂದಿದ್ರು ಅಂದ್ಲು. ಹುಣಸೇಹಣ್ಣಿನ ಇಚಾರಕ್ಕೆ ಅಂದೆ."

"ನೀನೇ ಕೇಳ್ಬಾರ್ದಾಗಿತ್ತೇನೋ ಅವಳನ್ನ? ಪಕ್ಕದಲ್ಲೇ ಕೂತಿದ್ಲಲ್ಲ!"

"ಕೇಳನ ಅಂತಲೇ ದಿನಾ ಕತ್ತೆ ಕೂರುಸ್ತಿದ್ದೆ," ಎಂದ. "ಬಾಯಿಗೆ ಬರ್ಲಿಲ್ಲ. ನಿನ್ ತಮ್ಮ ಅಲ್ವಾ ನಾನು?"

ಇಷ್ಟು ವರ್ಷ ಇಬ್ಬರೂ ಒಂದೇ ಒಲೆಯ ಮುಂದೆ ಕೂತು ಉಂಡಿದ್ದರೂ, ನನ್ನ ಮರ್ಯಾದೆ ಉಳಿಸಲು ಅವನು ಈ ಮಾತು ಎತ್ತಿರಲಿಲ್ಲ. ಆಮೇಲೆ ನಾನು ಸೆರಗಿನಿಂದ ನೋಟ್‌ಬುಕ್ಕು ತೆಗೆದು, ಇಡೀ ಬೀದಿಗೆ ಕೇಳುವ ಹಾಗೆ, ಒಂದಕ್ಷರ ನುಂಗದೆ ಓದಿದೆ.

"ಹಲ್ಲು ಏಳು. ಕತ್ತಿ ಕುಂತಿದ್ದು ಹತ್ತೊಂಬತ್ತು ಸಲ. ತೇಪಿ ನಾಕು, ಐದಲ್ಲ. ಒಂದನ್ನ ನೀವು ಎರಡು ಸಲ ಎಣಿಸೀರಿ. ಆವಾಗಲೂ ಹೇಳಿದ್ದೆ, ನೀವು ಕೇಳೋರಲ್ಲ ಅಂತ ಐದೇ ಹಾಕಿ ಹುಡುಕಿದೆ, ಸಿಕ್ತು. ನಮ್ಮ ಸೊಸಿಗೆ ಈ ಆಟದ ಹುಚ್ಚು. ಫೋನಿನಾಗ ಕನ್ನಡದ್ದು ಒಂದು ಐತಿ ಅಂತ ನಗಸಾಕ ಓದಿ ಹೇಳಿದ್ಲು. ಕತ್ತಿ ಅಂದ ಕೂಡಲೆ ಗೊತ್ತಾತು. ಕರಕೊಂಡು ಬಾ ಅಂತ ಹಟ ಮಾಡಿ ಬಂದೀನಿ. ಕೆಳಗ ಊರಾಗ ನಳದ ಹತ್ರ ನಿಮ್ಮನ್ನ ನೋಡಿದೆ. ಒಂದು ಮೇಕಿಗೆ ಬೈಯಾಕ ಹತ್ತಿದ್ರಿ. ಮಾತಾಡಸಬೇಕಂತ ಭಾಳ ಹೊತ್ತು ನಿಂತೆ. ನಾಚಿಕಿ ಆತು. ಇನ್ನೊಮ್ಮಿ ಬರಾಕ ಆದ್ರ ಮಾತಾಡಸ್ತೀನಿ."

ಹೆಸರು ಬರೆದಿರಲಿಲ್ಲ.

ತಮ್ಮ ಕಣ್ಣು ಒರೆಸಿಕೊಂಡನೋ, ಕನ್ನಡಕ ಒರೆಸಿಕೊಂಡನೋ, ನಾನು ನೋಡಲು ಹೋಗಲಿಲ್ಲ. ಕೊನೆಗೆ ಕೇಳಿದ, "ಅವತ್ತು ನಾನು ಯಾವ ಅಂಗಿ ಹಾಕಿದ್ದೆ?"

"ಅದನ್ನೇನೂ ಬರ್ದಿಲ್ಲ."

"ಆ ಹಳೇ ತೂತು ಬನೀನೇ ಇರ್ಬೇಕು," ಎಂದ.

ಅದಕ್ಕೇ ಮಕ್ಕಳೇ, ಈ ರಜೆಗೆ ಬಂದಾಗ ಒಂದು ಮಾತು ನೆನಪಿಡಿ. ಚಿಕ್ಕಜ್ಜ ಈಗ ದಿನಾ ಬೆಳಿಗ್ಗೆ ಮುಖ ತೊಳೆದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಂಡಿ ನೋವಿದ್ದರೂ ನಲ್ಲಿಯ ಹತ್ತಿರ ಹೋಗಿ ನಿಲ್ಲುತ್ತಾನೆ. ಪಕ್ಕದ ಮನೆಯ ಮೇಕೆಯನ್ನು ಹಗ್ಗ ಹಿಡಿದು ತಂದು, ಅರ್ಧ ಗಂಟೆ, ಬಸ್ ನಿಲ್ದಾಣದ ತನಕ ಕೇಳುವಂತೆ ಗಟ್ಟಿಯಾಗಿ ಬೈಯುತ್ತಾನೆ. ಮೇಕೆ ಏನೂ ತಪ್ಪು ಮಾಡಿರುವುದಿಲ್ಲ. ನೀವು ನಗಬೇಡಿ. ಬೀದಿಯಲ್ಲಿ ಯಾರಾದರೂ ವಯಸ್ಸಾದ ಹೆಂಗಸು ದೂರದಲ್ಲಿ ನಿಂತು ನೋಡುತ್ತಿದ್ದರೆ ಮಾತ್ರ ಓಡಿ ಬಂದು ನನಗೆ ಹೇಳಿ. ನಾನು ಹೋಗಿ ಮಾತಾಡಿಸುತ್ತೇನೆ.